ಮೇದಸ್ಸೂ ಪುಂಸ್ತ್ವವೂ: ಒಂದು ಅನ್ಯೋನ್ಯದ ವಿಚಾರ

ಹೊಟ್ಟೆ ಮುಂದೆ ಬಂದ ನಡುವಯಸ್ಸಿನ ಗಂಡಸನ್ನು ಕಂಡು 'ಮೈಕೈ ತುಂಬಿಕೊಂಡಿದ್ದಾರೆ, ಸುಖವಾಗಿದ್ದಾರೆ' ಎಂದು ಮೆಚ್ಚುವ ವಾಡಿಕೆ ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಬರಗಾಲದ ನೆನಪು ಮಾಸದ ಸಮಾಜಕ್ಕೆ ಅದು ಸಹಜವಾದ ಮೆಚ್ಚಿಗೆಯೂ ಹೌದು. ಉಂಡದ್ದರಲ್ಲಿ ಮಿಕ್ಕಿದ್ದನ್ನು ಇಲ್ಲದ ದಿನಕ್ಕೆಂದು ಕೂಡಿಡುವ ಕಣಜವೇ ಕೊಬ್ಬು ಎಂಬ ಭಾವನೆ ಜನಸಾಮಾನ್ಯರಲ್ಲಿ ಮಾತ್ರವಲ್ಲದೆ, ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯವಿದ್ಯಾಲಯಗಳಲ್ಲಿಯೂ ನೆಲೆಯೂರಿತ್ತು. ಆ ಭಾವನೆ ಸುಳ್ಳಲ್ಲ, ಅರ್ಧ ಸತ್ಯ. ಕಳೆದ ಮೂವತ್ತು ವರ್ಷಗಳ ಶೋಧನೆ ತೋರಿಸಿಕೊಟ್ಟಿರುವಂತೆ ಮೇದಸ್ಸು ಥೈರಾಯ್ಡ್, ಪಿಟ್ಯುಟರಿಗಳ ಸಾಲಿನಲ್ಲಿ ಕುಳಿತುಕೊಳ್ಳಬೇಕಾದ ಒಂದು ಗ್ರಂಥಿಯೂ ಹೌದು. ತನ್ನವೇ ಆದ ಹಾರ್ಮೋನುಗಳನ್ನು ರಕ್ತಕ್ಕೆ ಬಿಟ್ಟು ಮಿದುಳು, ಯಕೃತ್ತು, ಮಾಂಸಖಂಡ, ವೃಷಣ ಇವೆಲ್ಲದರ ನಡವಳಿಕೆಯನ್ನು ಹಗಲಿರುಳೂ ತಿದ್ದುತ್ತಿರುವ ಸಕ್ರಿಯ ಧಾತು ಅದು.

ಈ ಹೊಸ ತಿಳಿವಳಿಕೆಯಲ್ಲಿ ಗಂಡಸರು ವಿಶೇಷವಾಗಿ ಗಮನಿಸಬೇಕಾದ ಒಂದು ಅಧ್ಯಾಯ ಉಂಟು. ವೃಷಣಗಳಲ್ಲಿ ಹುಟ್ಟುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿಗೂ ಮೇದಸ್ಸಿನಲ್ಲಿ ಹುಟ್ಟುವ ಲೆಪ್ಟಿನ್, ಅಡಿಪೋನೆಕ್ಟಿನ್ ಮೊದಲಾದ ಹಾರ್ಮೋನುಗಳಿಗೂ ನಡುವೆ ಎಡೆಬಿಡದ ಕೊಡುಕೊಳ್ಳುವಿಕೆ ನಡೆದಿರುತ್ತದೆ; ಒಂದರ ಏರಿಳಿತ ಇನ್ನೊಂದನ್ನು ಮುಟ್ಟದೆ ಹೋಗುವುದಿಲ್ಲ. ಟೆಸ್ಟೋಸ್ಟೆರಾನ್ ಕುಗ್ಗಿದವನಿಗೆ ಅದನ್ನು ಹೊರಗಿನಿಂದ ತುಂಬಿಕೊಟ್ಟರೆ ಮೇದಸ್ಸಿನ ಹಾರ್ಮೋನುಗಳು ಏನಾಗುತ್ತವೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಪ್ರಯೋಗಶಾಲೆಯವರಿಗೆ ಮಾತ್ರ ಸೇರಿದ್ದೆಂದು ಕಂಡರೂ, ಅದರ ಉತ್ತರ ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು. ಏಕೆಂದರೆ ದೇಹದ ವಿಷಯದಲ್ಲಿ ನಾವು ಅವಸರದಿಂದ ಮಾಡಿಕೊಳ್ಳುವ 'ಒಳ್ಳೆಯದು', 'ಕೆಟ್ಟದ್ದು' ಎಂಬ ವಿಂಗಡಣೆ ಆ ಉತ್ತರದ ಮುಂದೆ ನಿಲ್ಲುವುದಿಲ್ಲ.

ಕೊಬ್ಬಿಗೂ ಪುಂಸ್ತ್ವಕ್ಕೂ ನಂಟುಂಟೆಂಬ ಅರಿವಾದರೋ ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಅತಿಸ್ಥೂಲನಾದವನಿಗೆ ಎಂಟು ದೋಷಗಳನ್ನು ಎಣಿಸುತ್ತದೆ: ಆಯುಸ್ಸಿನ ಕ್ಷಯ, ಚಟುವಟಿಕೆಯ ಕುಂದು, ದಾಂಪತ್ಯಸುಖದಲ್ಲಿ ಕಷ್ಟ, ದೌರ್ಬಲ್ಯ, ದೇಹದ ದುರ್ಗಂಧ, ಬೆವರಿನ ಬಾಧೆ, ಮಿತಿಮೀರಿದ ಹಸಿವು, ಮಿತಿಮೀರಿದ ಬಾಯಾರಿಕೆ. ಇವುಗಳಲ್ಲಿ ಮೂರನೆಯದಕ್ಕೆ ಕಾರಣವನ್ನು ಹೇಳುವಾಗ ಆ ಗ್ರಂಥವು ಶುಕ್ರದ ಅಲ್ಪತ್ವವನ್ನೂ, ಅದರ ಮಾರ್ಗವನ್ನು ಮೇದಸ್ಸು ಆವರಿಸುವುದನ್ನೂ ಸೂಚಿಸುತ್ತದೆ. ಹಾರ್ಮೋನೆಂಬ ಕಲ್ಪನೆ ಆ ಕಾಲದಲ್ಲಿ ಇರಲಿಲ್ಲ. ಇಂದಿನ ವಿಜ್ಞಾನವನ್ನು ಅಲ್ಲಿ ಹುಡುಕಹೊರಡುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಏಕಕಾಲದಲ್ಲಿ ಮಾಡುವ ಅನ್ಯಾಯ. ಆದರೆ ರೋಗಿಯನ್ನು ಸಾವಧಾನವಾಗಿ ನೋಡಿ, ಅವನ ಹಸಿವು, ಬಲ, ದಾಂಪತ್ಯಗಳನ್ನು ಒಂದೇ ಕಾಯಿಲೆಯ ಹಲವು ಮುಖಗಳೆಂದು ಗುರುತಿಸಿದ ಆ ಅವಲೋಕನದ ನಿಷ್ಠೆಗೆ ಗೌರವ ಸಲ್ಲಲೇಬೇಕು.

ಇಲಿಗಳು ಹೇಳಿದ ಸತ್ಯ

1949ರಲ್ಲಿ ಅಮೆರಿಕದ ಮೇಯ್ನ್ ಪ್ರಾಂತದ ಬಾರ್ ಹಾರ್ಬರ್ ಎಂಬ ಕಡಲತಡಿಯ ಊರಿನಲ್ಲಿರುವ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ, ಒಡಹುಟ್ಟಿದ ಇಲಿಗಳ ನಡುವೆ ಅಸಾಧಾರಣವಾಗಿ ದಪ್ಪಗಾದ, ಎಷ್ಟು ತಿಂದರೂ ತೃಪ್ತಿಯನ್ನೇ ಕಾಣದ ಕೆಲವು ಇಲಿಗಳು ಕಾಣಿಸಿಕೊಂಡವು. ಮುಂದೆ ಇದೇ ಬಗೆಯ ಸ್ಥೌಲ್ಯದೊಡನೆ ಮಧುಮೇಹವೂ ಕೂಡಿದ ಇನ್ನೊಂದು ತಳಿ ಅಲ್ಲಿಯೇ ದೊರೆಯಿತು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಇವುಗಳ ಮೇಲೆ ಒಂದು ಅಸಾಮಾನ್ಯ ಪ್ರಯೋಗವನ್ನು ನಡೆಸಿದರು: ಎರಡು ಇಲಿಗಳ ಮೈಯನ್ನು ಶಸ್ತ್ರಕ್ರಿಯೆಯಿಂದ ಪಕ್ಕಕ್ಕೆ ಪಕ್ಕ ಕೂಡಿಸಿ, ಒಂದರ ರಕ್ತ ಇನ್ನೊಂದನ್ನು ತಲುಪುವಂತೆ ಮಾಡಿದರು. ಮೊದಲ ತಳಿಯ ಸ್ಥೂಲ ಇಲಿಯನ್ನು ಆರೋಗ್ಯವಂತ ಇಲಿಯೊಡನೆ ಕೂಡಿಸಿದಾಗ ಸ್ಥೂಲ ಇಲಿಯ ಹಸಿವು ತಗ್ಗಿತು. ಎರಡನೆಯ ತಳಿಯದನ್ನು ಕೂಡಿಸಿದಾಗ ಆರೋಗ್ಯವಂತ ಇಲಿಯೇ ಆಹಾರವನ್ನು ಮುಟ್ಟದೆ, ತಿನಿಸು ಎದುರಿಗಿದ್ದರೂ ಉಪವಾಸ ಬಿದ್ದು ಸತ್ತಿತು. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಯಾವುದೋ ದ್ರವ್ಯ ರಕ್ತದಲ್ಲಿ ಹರಿಯುತ್ತದೆ. ಮೊದಲ ತಳಿಗೆ ಆ ದ್ರವ್ಯವೇ ಇಲ್ಲ. ಎರಡನೆಯದಕ್ಕೆ ದ್ರವ್ಯ ಹೇರಳವಾಗಿದ್ದರೂ ಅದನ್ನು ಗ್ರಹಿಸುವ ಶಕ್ತಿಯಿಲ್ಲ ಎಂಬುದು ಕೋಲ್ಮನ್ನರ ನಿರ್ಣಯವಾಗಿತ್ತು.

ಆ ದ್ರವ್ಯವನ್ನು ಹುಟ್ಟಿಸುವ ಜೀನನ್ನು 1994ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ಮತ್ತು ಅವರ ಸಂಗಡಿಗರು ಲೋಕಕ್ಕೆ ತೋರಿಸಿದರು. ಆ ದ್ರವ್ಯವೇ ಲೆಪ್ಟಿನ್. ಅದರ ಹುಟ್ಟುನೆಲೆ ಮೇದಸ್ಸಿನ ಕಣ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ. ಹೆಚ್ಚಿದ ಲೆಪ್ಟಿನ್ ಹಸಿವನ್ನು ತಗ್ಗಿಸಬೇಕು. ಆದರೆ ಬೊಜ್ಜಿನ ಮನುಷ್ಯರಲ್ಲಿ ಬಹುಮಂದಿಯ ಸ್ಥಿತಿ ಕೋಲ್ಮನ್ನರ ಎರಡನೆಯ ತಳಿಯ ಇಲಿಯದಕ್ಕೆ ಹತ್ತಿರವಾದದ್ದು: ರಕ್ತದಲ್ಲಿ ಲೆಪ್ಟಿನ್ ತುಂಬಿ ತುಳುಕುತ್ತಿದ್ದರೂ ಮಿದುಳು ಅದಕ್ಕೆ ಓಗೊಡುವುದಿಲ್ಲ.

ಲೆಪ್ಟಿನ್ನಿನ ಕೆಲಸ ಹಸಿವಿಗೆ ಮುಗಿಯದು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮನುಷ್ಯರಿಗೆ ಪ್ರಾಯ ಬಾರದೆ ಉಳಿಯುತ್ತದೆ. ಸಂತಾನವನ್ನು ಪೋಷಿಸುವಷ್ಟು ಶಕ್ತಿ ದೇಹದಲ್ಲಿ ಕೂಡಿದೆ ಎಂಬ ಭರವಸೆ ಲೆಪ್ಟಿನ್ನಿನ ಮೂಲಕ ತಲುಪಿದ ಮೇಲಲ್ಲವೆ ಮಿದುಳು ಪಿಟ್ಯುಟರಿಯನ್ನೂ, ಪಿಟ್ಯುಟರಿ ವೃಷಣವನ್ನೂ ಕೆಲಸಕ್ಕೆ ಹಚ್ಚುವುದು! ಅದೇ ಲೆಪ್ಟಿನ್ ಅತಿಯಾದಾಗ, ಟೆಸ್ಟೋಸ್ಟೆರಾನನ್ನು ತಯಾರಿಸುವ ವೃಷಣದ ಲೈಡಿಗ್ ಕಣಗಳ ಮೇಲೆ ನೇರವಾಗಿ ಎರಗಿ ಅವುಗಳ ಉತ್ಪತ್ತಿಯನ್ನು ಕುಂಠಿಸುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಭಾವವೂ ತರವಲ್ಲ, ಅತಿರೇಕವೂ ತರವಲ್ಲ ಎಂಬುದು ಇಲ್ಲಿ ನೀತಿಬೋಧೆಯಲ್ಲ, ಶರೀರಧರ್ಮ.

ಲೆಪ್ಟಿನ್ನಿನ ಬೆನ್ನಲ್ಲಿಯೇ, 1995-96ರಲ್ಲಿ, ಅಮೆರಿಕದ ಮತ್ತು ಜಪಾನಿನ ಸಂಶೋಧಕರಿಗೆ ಬೇರೆ ಬೇರೆಯಾಗಿ ಇನ್ನೊಂದು ಹಾರ್ಮೋನು ದೊರೆಯಿತು, ಅದು ಅಡಿಪೋನೆಕ್ಟಿನ್. ಇದರ ಸ್ವಭಾವ ವಿಲಕ್ಷಣವಾದದ್ದು. ಮೇದಸ್ಸಿನಲ್ಲಿಯೇ ಹುಟ್ಟಿದರೂ ಮೇದಸ್ಸು ಹೆಚ್ಚಿದಂತೆ ಇದು ಕಡಿಮೆಯಾಗುತ್ತದೆ. ಇನ್ಸುಲಿನ್ನಿನ ಆಜ್ಞೆಗೆ ಯಕೃತ್ತು ಮತ್ತು ಮಾಂಸಖಂಡಗಳು ವಿಧೇಯವಾಗಿರುವಂತೆ ಮಾಡುವುದು, ರಕ್ತನಾಳಗಳ ಉರಿಯೂತವನ್ನು ಶಮನಗೊಳಿಸುವುದು ಇದರ ಸತ್ಕಾರ್ಯಗಳು. ಆದಕಾರಣ ಲೆಪ್ಟಿನ್ ಹೆಚ್ಚಾದರೆ ಕೇಡು, ಅಡಿಪೋನೆಕ್ಟಿನ್ ಹೆಚ್ಚಾದರೆ ಕ್ಷೇಮ ಎಂಬ ಸರಳ ಸೂತ್ರವೊಂದು ಬಹುಬೇಗ ರೂಢಿಗೆ ಬಂದಿತು.

ಮೀಸೆ ಮೂಡುವ ಹೊತ್ತಿಗೆ

ಈ ಎರಡೂ ಹಾರ್ಮೋನುಗಳಲ್ಲಿ ಗಂಡು ಹೆಣ್ಣುಗಳಿಗೆ ಇರುವ ಅಂತರ ಮೊದಲೇ ಒಂದು ಸೂಚನೆಯನ್ನು ಕೊಟ್ಟಿತ್ತು. ಮೈಕೊಬ್ಬು ಸಮನಾಗಿದ್ದರೂ ಹೆಂಗಸರ ರಕ್ತದಲ್ಲಿ ಲೆಪ್ಟಿನ್ ಹೆಚ್ಚು, ಗಂಡಸರಲ್ಲಿ ಕಡಿಮೆ, ಅಡಿಪೋನೆಕ್ಟಿನ್ನೂ ಹಾಗೆಯೇ. ಚಿಕ್ಕ ಮಕ್ಕಳಲ್ಲಿ ಈ ಭೇದ ಅಷ್ಟಾಗಿ ಕಾಣದು. ಹುಡುಗನಿಗೆ ದನಿ ಒಡೆದು, ಮೀಸೆ ಮೂಡಿ, ಟೆಸ್ಟೋಸ್ಟೆರಾನ್ ಏರತೊಡಗಿದ ಹೊತ್ತಿಗೆ ಸರಿಯಾಗಿ ಅವನ ಲೆಪ್ಟಿನ್ ಇಳಿಮುಖವಾಗುತ್ತದೆ, ಅಡಿಪೋನೆಕ್ಟಿನ್ನೂ ತಗ್ಗುತ್ತದೆ. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯನ ಮೇದಸ್ಸಿನ ಕಣಗಳಿಗೆ ಟೆಸ್ಟೋಸ್ಟೆರಾನನ್ನು ಸೇರಿಸಿದಾಗಲೂ ಅವು ಲೆಪ್ಟಿನ್ನನ್ನು ಮೊದಲಿನಷ್ಟು ಸುರಿಸುವುದಿಲ್ಲ. ಹೀಗಿರಲು, ವೃಷಣದ ರೋಗದಿಂದಲೋ ಪಿಟ್ಯುಟರಿಯ ದೋಷದಿಂದಲೋ ಟೆಸ್ಟೋಸ್ಟೆರಾನ್ ಕುಸಿದ ಗಂಡಸರಲ್ಲಿ ಲೆಪ್ಟಿನ್ ಹೆಚ್ಚಾಗಿರುವುದೂ, ಹಾರ್ಮೋನನ್ನು ತುಂಬಿಕೊಟ್ಟಾಗ ಅದು ಇಳಿಯುವುದೂ ಆಶ್ಚರ್ಯವಲ್ಲ. 1990ರ ದಶಕದಲ್ಲಿಯೇ ಜರ್ಮನಿಯ ವೈದ್ಯರು ಇದನ್ನು ದಾಖಲಿಸಿದ್ದರು.

ಷೆಫೀಲ್ಡಿನ ಪರೀಕ್ಷೆ

ಟೆಸ್ಟೋಸ್ಟೆರಾನ್ ಕೊರತೆಯ ಜೊತೆಗೆ ಮಧುಮೇಹವೂ ಇದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಅರಸಿದವರು ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಬಾರ್ನ್‌ಸ್ಲಿಯ ವೈದ್ಯರು. ಕಪೂರ್, ಹ್ಯೂ ಜೋನ್ಸ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಒಳಪಟ್ಟವರು ಎರಡನೆಯ ಬಗೆಯ ಮಧುಮೇಹವಿದ್ದ, ಟೆಸ್ಟೋಸ್ಟೆರಾನ್ ಕಡಿಮೆಯಾಗಿದ್ದ 20 ಮಂದಿ ಗಂಡಸರು. ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನಿನ ಚುಚ್ಚುಮದ್ದು ಮೂರು ತಿಂಗಳು. ಆಮೇಲೆ ಒಂದು ತಿಂಗಳು ಏನೂ ಇಲ್ಲ. ಅನಂತರ ಮೂರು ತಿಂಗಳು ಔಷಧವಿಲ್ಲದ ಹುಸಿಮದ್ದು. ಕೆಲವರಿಗೆ ಇದೇ ಕ್ರಮ ಹಿಂದುಮುಂದಾಗಿ. ಯಾವ ಸೂಜಿಯಲ್ಲಿ ಯಾವುದಿದೆಯೆಂಬುದು ಚುಚ್ಚಿದವರಿಗೂ ತಿಳಿಯದು, ಚುಚ್ಚಿಸಿಕೊಂಡವರಿಗೂ ತಿಳಿಯದು. ಪ್ರತಿಯೊಬ್ಬನನ್ನೂ ಅವನೊಡನೆಯೇ ಹೋಲಿಸಿ ನೋಡುವ ಈ ವಿಧಾನದಲ್ಲಿ ಮಂದಿ ಕೆಲವರೇ ಆದರೂ ಫಲ ಸ್ಪಷ್ಟವಾಗಿ ಮೂಡುತ್ತದೆ.

ಮೂಡಿದ ಫಲ ಇದು. ಲೆಪ್ಟಿನ್ ಇಳಿಯಿತು, ಸೊಂಟದ ಸುತ್ತಳತೆಯೂ ಇಳಿಯಿತು. ಆದರೆ ಹಿತಕಾರಿಯೆಂದು ಹೆಸರಾದ ಅಡಿಪೋನೆಕ್ಟಿನ್ನೂ ಇಳಿಯಿತು. ಮೇದಸ್ಸಿನೊಡನೆ ಸಂಬಂಧವುಳ್ಳ ರೆಸಿಸ್ಟಿನ್ ಕದಲಲಿಲ್ಲ. ಉರಿಯೂತವನ್ನು ಸೂಚಿಸುವ ಇತರ ದ್ರವ್ಯಗಳೂ, ಸಿ-ರಿಯಾಕ್ಟಿವ್ ಪ್ರೋಟೀನೂ ಇದ್ದಲ್ಲೇ ಇದ್ದವು. ಇದೇ ತಂಡ ಒಂದು ವರ್ಷ ಮೊದಲು, 24 ಮಂದಿಯ ಪರೀಕ್ಷೆಯಲ್ಲಿ, ಟೆಸ್ಟೋಸ್ಟೆರಾನ್ ಪಡೆದ ಮಧುಮೇಹಿಗಳ ಇನ್ಸುಲಿನ್ ಪ್ರತಿರೋಧ ತಗ್ಗಿ, ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಸುಮಾರು 0.37 ಅಂಶದಷ್ಟು ಕೆಳಗಿಳಿದದ್ದನ್ನು ಕಂಡಿತ್ತು. ಇನ್ಸುಲಿನ್ನಿಗೆ ಸಹಾಯಕವಾದ ಅಡಿಪೋನೆಕ್ಟಿನ್ ಕಡಿಮೆಯಾಗುತ್ತಿರುವಾಗಲೇ ಇನ್ಸುಲಿನ್ನಿನ ಕೆಲಸ ಸುಗಮವಾಗುವುದು ಹೇಗೆ? ಸರಳ ಸೂತ್ರಕ್ಕೆ ನಿಲುಕದ ಪ್ರಶ್ನೆ ಇದು.

ಅಡಿಪೋನೆಕ್ಟಿನ್ ಇಳಿದದ್ದು ಆಕಸ್ಮಿಕವಲ್ಲ. ಜಪಾನಿನ ಒಸಾಕಾದ ಸಂಶೋಧಕರು 2002ರಲ್ಲಿಯೇ, ವೃಷಣ ತೆಗೆದ ಗಂಡು ಇಲಿಗಳಲ್ಲಿ ಅಡಿಪೋನೆಕ್ಟಿನ್ ಏರುವುದನ್ನೂ, ಟೆಸ್ಟೋಸ್ಟೆರಾನ್ ಕೊಟ್ಟಾಗ ಇಳಿಯುವುದನ್ನೂ ತೋರಿಸಿದ್ದರು. ಈ ಹಾರ್ಮೋನಿನ ಅಣುಗಳು ರಕ್ತದಲ್ಲಿ ಒಂಟಿಯಾಗಿ ಇರದೆ ಸಣ್ಣ ದೊಡ್ಡ ಗುಂಪುಗಳಾಗಿ ಸಂಚರಿಸುತ್ತವೆ. ಅವುಗಳಲ್ಲಿ ಅತ್ಯಂತ ದೊಡ್ಡ ಗುಂಪಿನ ರೂಪವನ್ನೇ ಮೇದಸ್ಸಿನ ಕಣದಿಂದ ಹೊರಬೀಳದಂತೆ ಟೆಸ್ಟೋಸ್ಟೆರಾನ್ ತಡೆಯುತ್ತದೆಂದು ಮುಂದೆ ತಿಳಿದುಬಂದಿತು. ಎಂದಮೇಲೆ ಈ ಇಳಿತ ಟೆಸ್ಟೋಸ್ಟೆರಾನಿನ ನೇರವಾದ ಕಾರ್ಯವೇ. ಹಾಗಾದರೆ ಲಾಭ ಬಂದದ್ದು ಬೇರೆ ಹಾದಿಗಳಿಂದ ಎನ್ನಬೇಕು. ಟೆಸ್ಟೋಸ್ಟೆರಾನ್ ಮಾಂಸಖಂಡವನ್ನು ಬೆಳೆಸುತ್ತದೆ. ಉಂಡ ಸಕ್ಕರೆಯ ದೊಡ್ಡ ಪಾಲು ಸೇರುವುದು ಮಾಂಸಖಂಡವನ್ನೇ. ಮೇದಸ್ಸಾಗಲೂ ಮಾಂಸವಾಗಲೂ ಬಲ್ಲ ಮೂಲಕಣಗಳನ್ನು ಅದು ಮಾಂಸದ ಕಡೆಗೆ ತಿರುಗಿಸುತ್ತದೆ. ಒಂದು ಹಾದಿಯ ನಷ್ಟವನ್ನು ಇನ್ನೆರಡು ಹಾದಿಗಳ ಲಾಭ ತುಂಬಿಕೊಟ್ಟು ಮಿಗುವುದು ಸಾಧ್ಯವಿದೆ. ಬಫಲೋ ವಿಶ್ವವಿದ್ಯಾಲಯದಲ್ಲಿ ಪರೇಶ್ ದಂಡೋನ ಮತ್ತು ಸಂದೀಪ್ ಧಿಂಡ್ಸಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ: 24 ವಾರಗಳ ಟೆಸ್ಟೋಸ್ಟೆರಾನ್ ಚಿಕಿತ್ಸೆಯಿಂದ ಮಧುಮೇಹಿಗಳ ಮೈಯಲ್ಲಿ ಸುಮಾರು ಮೂರು ಕಿಲೋ ಕೊಬ್ಬು ಕರಗಿ, ಅಷ್ಟೇ ತೂಕದ ಮಾಂಸ ಕೂಡಿತು, ಇನ್ಸುಲಿನ್ನಿಗೆ ದೇಹದ ಸ್ಪಂದನ ಉತ್ತಮಗೊಂಡಿತು.

ಮೇದಸ್ಸಿನ ಪ್ರತಿಕ್ರಿಯೆ

ಇಷ್ಟರಲ್ಲಿ ಟೆಸ್ಟೋಸ್ಟೆರಾನ್ ಒಡೆಯ, ಮೇದಸ್ಸು ಆಳು ಎಂದು ಭಾವಿಸಿದರೆ ಮತ್ತೊಂದು ಅರ್ಧ ಸತ್ಯಕ್ಕೆ ಸಿಕ್ಕಿಬಿದ್ದಂತೆ. ಮೇದಸ್ಸಿನಲ್ಲಿ ಅರೋಮಟೇಸ್ ಎಂಬ ಕಿಣ್ವವಿದೆ. ಅದು ಟೆಸ್ಟೋಸ್ಟೆರಾನನ್ನು ಈಸ್ಟ್ರಡಯಾಲ್ ಎಂಬ ಸ್ತ್ರೀ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಬೊಜ್ಜು ಹೆಚ್ಚಿದಷ್ಟೂ ಈ ಮಾರ್ಪಾಡು ಹೆಚ್ಚು. ಈಸ್ಟ್ರಡಯಾಲ್ ಮಿದುಳನ್ನೂ ಪಿಟ್ಯುಟರಿಯನ್ನೂ ತಡೆಹಿಡಿದು ವೃಷಣದ ಕೆಲಸವನ್ನು ಇನ್ನಷ್ಟು ಮಂದಗೊಳಿಸುತ್ತದೆ. ಬೊಜ್ಜಿನಿಂದ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಟೆಸ್ಟೋಸ್ಟೆರಾನ್ ಇಳಿದುದರಿಂದ ಬೊಜ್ಜು ಬೆಳೆಯುತ್ತದೆ. ಇದು ತನ್ನನ್ನು ತಾನೇ ಪೋಷಿಸಿಕೊಳ್ಳುವ ವಿಷಚಕ್ರ.

ಈಸ್ಟ್ರಡಯಾಲನ್ನಾದರೂ ಶತ್ರುವೆನ್ನೋಣವೆ? ಅದೂ ಸಲ್ಲದು. ಬಾಸ್ಟನ್ನಿನ ಮಸ್ಯಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೋಯೆಲ್ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20ರಿಂದ 50 ವಯಸ್ಸಿನ ಸುಮಾರು 400 ಆರೋಗ್ಯವಂತ ಗಂಡಸರ ಸ್ವಂತ ಟೆಸ್ಟೋಸ್ಟೆರಾನನ್ನು ಔಷಧದಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದಲ್ಲಿ ಹೊರಗಿನಿಂದ ಕೊಟ್ಟರು. ಅವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಅರೋಮಟೇಸನ್ನು ತಡೆಯುವ ಮದ್ದನ್ನೂ ಸೇರಿಸಿ ಕೊಟ್ಟರು. ಮಾಂಸದ ಗಾತ್ರವೂ ಬಲವೂ ಕುಂದುವುದಕ್ಕೆ ಟೆಸ್ಟೋಸ್ಟೆರಾನಿನ ಕೊರತೆ ಕಾರಣವೆಂದೂ, ಕೊಬ್ಬು ಏರುವುದಕ್ಕೆ ಮುಖ್ಯವಾಗಿ ಈಸ್ಟ್ರಡಯಾಲಿನ ಕೊರತೆ ಕಾರಣವೆಂದೂ, ಕಾಮಾಸಕ್ತಿಗೆ ಎರಡೂ ಬೇಕೆಂದೂ ಅವರಿಗೆ ಕಂಡುಬಂದಿತು. ಹೆಣ್ಣಿನದೆಂದು ನಾವು ಹೆಸರಿಟ್ಟ ಹಾರ್ಮೋನು ಗಂಡಿನ ಮೈಕಟ್ಟನ್ನು ಕಾಯುತ್ತಿರುತ್ತದೆ ಎಂದಮೇಲೆ, ಪೌರುಷವೆಂಬುದು ಒಂದೇ ದ್ರವ್ಯದ ಒಂದೇ ಅಂಕಿಯಲ್ಲಿ ಅಡಗಿದೆಯೆಂದು ವಾದಿಸುವುದಕ್ಕೆ ಆಧಾರವೆಲ್ಲಿ ಉಳಿಯಿತು?

ಸೂಜಿಯೋ, ಸಂಯಮವೋ

ಈ ವಿಷಚಕ್ರವನ್ನು ಎಲ್ಲಿ ಮುರಿಯಬೇಕು? ತೂಕ ಇಳಿಸಿಕೊಂಡ ಸ್ಥೂಲ ಗಂಡಸರಲ್ಲಿ, ಆಹಾರನಿಯಮದಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ, ಟೆಸ್ಟೋಸ್ಟೆರಾನ್ ತಾನಾಗಿಯೇ ಏರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಇಳಿದ ತೂಕ ಹೆಚ್ಚಿದಷ್ಟೂ ಏರಿಕೆಯೂ ಹೆಚ್ಚು. ಆಸ್ಟ್ರೇಲಿಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಅಥವಾ ಅದೇ ತಾನೇ ಕಾಲಿಟ್ಟಿದ್ದ 1,007 ಮಂದಿಗೆ ಆಹಾರ ವ್ಯಾಯಾಮಗಳ ಕಾರ್ಯಕ್ರಮವನ್ನು ಹಾಕಿಕೊಟ್ಟು, ಅರ್ಧದಷ್ಟು ಮಂದಿಗೆ ಟೆಸ್ಟೋಸ್ಟೆರಾನನ್ನೂ ಕೊಟ್ಟರು. ಎರಡು ವರ್ಷಗಳ ತರುವಾಯ ಮಧುಮೇಹ ಕಂಡದ್ದು ಹುಸಿಮದ್ದಿನವರಲ್ಲಿ ಶೇಕಡ 21, ಟೆಸ್ಟೋಸ್ಟೆರಾನಿನವರಲ್ಲಿ ಶೇಕಡ 12. ಆದರೆ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಶೇಕಡ 22 ಮಂದಿಗೆ ಕೆಂಪು ರಕ್ತಕಣಗಳ ಪಾಲು ಅಪಾಯದ ಗೆರೆಯನ್ನು ದಾಟಿತು. ಅಮೆರಿಕದಲ್ಲಿ 5,246 ಮಂದಿಯ ಮೇಲೆ ನಡೆದು 2023ರಲ್ಲಿ ಹೊರಬಂದ ಟ್ರಾವರ್ಸ್ ಪರೀಕ್ಷೆ ಹೃದಯಾಘಾತ, ಪಾರ್ಶ್ವವಾಯುಗಳ ಭಯವನ್ನು ದೂರಮಾಡಿತಾದರೂ, ಹೃದಯದ ಬಡಿತ ತಾಳತಪ್ಪುವುದು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚೆಂದು ತೋರಿಸಿತು; ಮಧುಮೇಹದ ಹೊಸ್ತಿಲಲ್ಲಿದ್ದವರು ಅದನ್ನು ದಾಟದಂತೆ ಅಲ್ಲಿ ಟೆಸ್ಟೋಸ್ಟೆರಾನ್ ತಡೆಯಲೂ ಇಲ್ಲ. ಇದರ ಜೊತೆಗೆ ಮದುವೆಯ ವಯಸ್ಸಿನ ತರುಣರು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ: ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್ ಪಿಟ್ಯುಟರಿಯನ್ನು ಸುಮ್ಮನಾಗಿಸಿ ವೀರ್ಯಾಣುಗಳ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಮೈಕಟ್ಟಿನ ಆಸೆಗೆ ವ್ಯಾಯಾಮಶಾಲೆಯಲ್ಲಿ ಗುಟ್ಟಾಗಿ ಸೂಜಿ ಚುಚ್ಚಿಸಿಕೊಳ್ಳುವವನು ಸಂತಾನಭಾಗ್ಯವನ್ನು ಒತ್ತೆಯಿಡುತ್ತಿರುತ್ತಾನೆ.

ಮೇದಸ್ಸು, ಪುಂಸ್ತ್ವಗಳ ಈ ವಿಚಾರ ನಮ್ಮವರಿಗೆ ವಿಶೇಷವಾಗಿ ಸಲ್ಲುವುದಕ್ಕೆ ಕಾರಣವುಂಟು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮಿಬ್ಬರ ಮೈಗಳನ್ನೇ ಅಳೆದು ಲೋಕದ ಮುಂದಿಟ್ಟರು: ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರಿಗೂ 22.3, ಆದರೆ ಮೈಯಲ್ಲಿ ಕೊಬ್ಬಿನ ಪಾಲು ಆಂಗ್ಲನಿಗೆ ಶೇಕಡ 9.1, ಭಾರತೀಯನಿಗೆ ಶೇಕಡ 21.2. ಬಡಕಲಾಗಿ ಕಾಣುವ ನಮ್ಮವನ ಹೊಟ್ಟೆಯಲ್ಲಿ ಮೇದಸ್ಸು ಹೀಗೆ ಅಡಗಿರುವುದರಿಂದಲೇ ಭಾರತೀಯ ಗಂಡಸಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆಯನ್ನು 90 ಸೆಂಟಿಮೀಟರಿಗೆ ಎಳೆದಿರುವುದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆ. ದಂಡೋನ ಮತ್ತು ಧಿಂಡ್ಸಾ 2004ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ ಮಧುಮೇಹಿ ಗಂಡಸರಲ್ಲಿ ಮೂರರಲ್ಲೊಬ್ಬನಿಗೆ ಟೆಸ್ಟೋಸ್ಟೆರಾನ್ ಕೊರತೆ ಇತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆಯಾಸ, ಉತ್ಸಾಹಭಂಗ, ಆಸಕ್ತಿಯ ಕುಂದುಗಳನ್ನು ಹೆಂಡತಿಗೂ ಹೇಳಲಾರದೆ ನುಂಗಿಕೊಂಡಿರುವವರು ನಮ್ಮಲ್ಲಿ ಎಷ್ಟು ಮಂದಿಯೋ ಎಂದು ಮನಸ್ಸು ಕಳವಳಗೊಳ್ಳುತ್ತದೆ. ಇವರ ನಾಚಿಕೆಯನ್ನು ಬಂಡವಾಳ ಮಾಡಿಕೊಂಡು, ಬಸ್ ನಿಲ್ದಾಣದ ಗೋಡೆಯ ಮೇಲೆ ಪುರುಷದೌರ್ಬಲ್ಯಕ್ಕೆ ಶಾಶ್ವತ ಪರಿಹಾರವನ್ನು ಸಾರುವವರ ಕೈಗೆ ಅವರನ್ನು ಒಪ್ಪಿಸಬಾರದು. ಇನ್ನೊಂದು ಕಡೆ, ವಯಸ್ಸಾದ ಪ್ರತಿಯೊಬ್ಬನಿಗೂ ಕೊರತೆಯಿದೆಯೆಂಬ ಪ್ರಚಾರವೂ ನಿಜವಲ್ಲ: ಯೂರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನವರನ್ನು ಲಕ್ಷಣ ಮತ್ತು ರಕ್ತಪರೀಕ್ಷೆ ಎರಡನ್ನೂ ಕೂಡಿಸಿ ತೂಗಿ ನೋಡಿದಾಗ ನಿಜವಾದ ಕೊರತೆ ಕಂಡದ್ದು ಶೇಕಡ 2.1 ಮಂದಿಯಲ್ಲಿ.

ಆದಕಾರಣ ಸಂದೇಹವಿದ್ದವನು ಮಾಡಬೇಕಾದದ್ದು ಇಷ್ಟು. ಲಕ್ಷಣಗಳನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಬೆಳಗಿನ ಹೊತ್ತು ಬರಿಹೊಟ್ಟೆಯಲ್ಲಿ, ಬೇರೆ ಬೇರೆ ದಿನ, ಕಡಮೆಯೆಂದರೆ ಎರಡು ಸಲ ಟೆಸ್ಟೋಸ್ಟೆರಾನನ್ನು ಅಳೆಸಿಕೊಳ್ಳಬೇಕು. ಕಡಿಮೆಯಿದ್ದರೆ ಕಾರಣ ವೃಷಣದಲ್ಲಿದೆಯೋ, ಪಿಟ್ಯುಟರಿಯಲ್ಲಿದೆಯೋ, ಸೊಂಟದ ಸುತ್ತ ಇದೆಯೋ ಎಂಬುದನ್ನು ವೈದ್ಯರು ಬಗೆಹರಿಸಬೇಕು. ರೋಗದಿಂದ ಗ್ರಂಥಿಯೇ ಕೆಟ್ಟವನಿಗೆ ಟೆಸ್ಟೋಸ್ಟೆರಾನ್ ಹಕ್ಕಿನ ಔಷಧ. ಅದನ್ನು ಕೊಡಲು ಸಂಕೋಚ ಸಲ್ಲದು. ಬೊಜ್ಜಿನಿಂದ ಕುಗ್ಗಿದವನಿಗೆ ಮೊದಲ ಔಷಧ ಊಟದ ತಟ್ಟೆಯಲ್ಲಿಯೂ ದಿನದ ನಡಿಗೆಯಲ್ಲಿಯೂ ಇದೆ. ಇಬ್ಬರಲ್ಲಿ ಯಾರೇ ಆಗಲಿ, ಲೆಪ್ಟಿನ್ ಇಳಿಯಿತೆಂದು ಹಿಗ್ಗುವುದಾಗಲಿ, ಅಡಿಪೋನೆಕ್ಟಿನ್ ಇಳಿಯಿತೆಂದು ಕುಗ್ಗುವುದಾಗಲಿ ಬೇಡ. ಷೆಫೀಲ್ಡಿನ ಇಪ್ಪತ್ತು ಮಂದಿ ನಮಗೆ ಕಲಿಸಿಕೊಟ್ಟದ್ದು ಇದನ್ನೇ. ಒಂದೊಂದು ಹಾರ್ಮೋನಿಗೂ ಸಜ್ಜನ ದುರ್ಜನರ ಪಟ್ಟ ಕಟ್ಟುವುದನ್ನು ಬಿಟ್ಟು, ರಕ್ತದ ಸಕ್ಕರೆ ಹತೋಟಿಗೆ ಬಂದಿತೆ, ಸೊಂಟ ಕರಗಿತೆ, ತೋಳಿನಲ್ಲಿ ಬಲ ಕೂಡಿತೆ, ಮನಸ್ಸಿಗೂ ದಾಂಪತ್ಯಕ್ಕೂ ನೆಮ್ಮದಿ ಮರಳಿತೆ ಎಂದು ಕೇಳಿಕೊಳ್ಳಬೇಕು. ಚಿಕಿತ್ಸೆ ಸಾರ್ಥಕವಾಯಿತೆ ಇಲ್ಲವೆ ಎಂಬ ತೀರ್ಮಾನ ಈ ಪ್ರಶ್ನೆಗಳ ಉತ್ತರದಲ್ಲಿದೆ. ಅದನ್ನು ಹೇಳುವ ಅಧಿಕಾರ ಪ್ರಯೋಗಾಲಯದ ಚೀಟಿಗಿಂತ ಹೆಚ್ಚಾಗಿ ಆ ದೇಹದಲ್ಲಿ ಬಾಳುತ್ತಿರುವವನಿಗೆ ಸೇರಿದ್ದು.